ಎರಡು ರಾತ್ರಿ ಕಳೆದ ನೀರು

ಇಟ್ಟಿಗೆ ಗೂಡಿನ ಸಾಲುಮನೆಗಳಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ನಾಡಿದ್ದಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಅಂಟಿಕೊಂಡದ್ದಕ್ಕೆ ಅವಳೇ ಕಾರಣ. ಕಾಲುವೆಯ ದಂಡೆಯ ಮೇಲಿದ್ದ ಸ್ನಾನದ ಮನೆ ಅವಳ ಉಸ್ತುವಾರಿಯಲ್ಲಿತ್ತು. ಆ ದಿನ ಬೆಳಿಗ್ಗೆ ತುಂಬಿದ ತೊಟ್ಟಿಗೆ ಯಾರಾದರೂ ಬಕೆಟ್ಟು ಇಳಿಬಿಡಲು ಹೋದರೆ, ಬಂದವರು ಗೂಡಿನ ಮೇಸ್ತ್ರಿಯಾಗಲಿ, ಸ್ವಂತ ಮಗಳಾಗಲಿ, ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ನಾಡಿದ್ದು." ಇವತ್ತು ತುಂಬಿದ ನೀರು ಮೈಗೆ ತಾಗುವುದು ನಾಡಿದ್ದೇ. ಯಾಕೆ ಎಂದು ಕೇಳಿದವರಿಗೆ ಅವಳು ಕಣ್ಣು ದೊಡ್ಡದು ಮಾಡುತ್ತಿದ್ದಳು. ಮತ್ತೆ ಮತ್ತೆ ಕೇಳಿದವರಿಗೆ ಪೊರಕೆ ಕಾಣಿಸುತ್ತಿತ್ತು.

ಸ್ನಾನದ ಮನೆ ಎಂದರೆ ಅಂಥ ದೊಡ್ಡ ಕಟ್ಟಡವೇನಲ್ಲ. ತಗಡಿನ ಮಾಡು, ನಡುವೆ ಒಂದು ಗೋಡೆ, ಆಚೆ ಗಂಡಸರು, ಈಚೆ ಹೆಂಗಸರು ಮಕ್ಕಳು. ಹಿಂದುಗಡೆ ಬಟ್ಟೆ ಒಗೆಯುವ ಕಲ್ಲುಗಳು. ಪಕ್ಕದಲ್ಲಿ ಎದೆಮಟ್ಟದ ಮೂರು ಸಿಮೆಂಟಿನ ತೊಟ್ಟಿಗಳು. ಕಾಲುವೆಯಿಂದ ನೀರೆತ್ತಲು ಒಂದು ಕೈಪಂಪು. ಅದರ ಕೊಳವೆಯ ಬಾಯಿಗೆ ಬಸವನಹುಳು ಬರದಂತೆ ಜಾಲರಿ. ಪ್ರತಿದಿನ ಬೆಳಿಗ್ಗೆ ಒಂದು ತೊಟ್ಟಿಯನ್ನು ತಿಕ್ಕಿ ತುಂಬಬೇಕು, ಅದರ ಮುಚ್ಚಳಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ನಿನ್ನೆ ತುಂಬಿದ ತೊಟ್ಟಿಯ ಮೇಲೂ ಕೆಂಪು ಬಟ್ಟೆ ಇರುತ್ತದೆ. ಮೊನ್ನೆ ತುಂಬಿದ್ದರ ಬಟ್ಟೆ ಬಿಚ್ಚಿದರೆ ಅದು ಆ ದಿನದ ಸ್ನಾನಕ್ಕೆ, ಒಗೆತಕ್ಕೆ. ಇಷ್ಟೇ ಕೆಲಸ. ಆದರೆ ದಿನ ತಪ್ಪದೆ ಮಾಡಬೇಕಾದ ಕೆಲಸ, ಮತ್ತು ಮೈಮರೆಯುವವರ ಕೈಗೆ ಕೊಡುವಂಥದ್ದಲ್ಲ.

ನಾಡಿದ್ದಕ್ಕ ಈ ಕೆಲಸಕ್ಕೆ ಬಂದದ್ದು ಗಂಡನನ್ನು ಕಳೆದುಕೊಂಡ ಮೇಲೆ. ಅವನು ಗೂಡಿನಲ್ಲಿ ಇಟ್ಟಿಗೆಯ ಕೈಗಾಡಿ ತಳ್ಳುತ್ತಿದ್ದ. ಮಣ್ಣಿನ ಕೆಲಸ ಮಾಡುವವರಿಗೆ ಸಂಜೆ ಮೈ ತೊಳೆಯದೆ ಮನೆಯೊಳಗೆ ಕಾಲಿಡಲಾಗುವುದಿಲ್ಲ. ಕಾಲುವೆ ಎದುರಿಗೇ ಇತ್ತು. ಎಲ್ಲರೂ ಅದರಲ್ಲೇ ಮುಳುಗಿ ಏಳುತ್ತಿದ್ದರು. ಹೆಂಗಸರು ಮೊಣಕಾಲುದ್ದ ನೀರಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದರು, ಮಕ್ಕಳು ಮಧ್ಯಾಹ್ನದ ಬಿಸಿಲಲ್ಲಿ ಎಮ್ಮೆಗಳ ಹಾಗೆ ಬಿದ್ದುಕೊಂಡಿರುತ್ತಿದ್ದರು. ಹುಡುಗರಿಗೆ ಮೂತ್ರ ಕೆಂಪಾಗುವುದು ಅಲ್ಲಿ ಹಲ್ಲು ಬೀಳುವಷ್ಟೇ ಸಾಮಾನ್ಯವಾಗಿತ್ತು. "ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಎಂದು ಹಿರಿಯರು ಹೇಳುತ್ತಿದ್ದರು. ಅವಳ ಗಂಡನಂತೂ ನಗುತ್ತಿದ್ದ. "ಕೆಂಪು ಇಟ್ಟಿಗೆ ಹೊತ್ತು ಹೊತ್ತು ನನ್ನ ನೀರೂ ಕೆಂಪಾಗಿಬಿಟ್ಟಿದೆ ಕಣೇ" ಎನ್ನುತ್ತಿದ್ದ. ನಗುತ್ತಲೇ ಬಡಕಲಾದ. ಕೊನೆಗೆ ಮೂತ್ರಕೋಶದಲ್ಲಿ ಗೆಡ್ಡೆ ಎಂದು ದೊಡ್ಡಾಸ್ಪತ್ರೆಯವರು ಹೇಳುವ ಹೊತ್ತಿಗೆ ಮಾಡುವುದಕ್ಕೇನೂ ಉಳಿದಿರಲಿಲ್ಲ.

ಅವನು ಹೋದ ವರ್ಷವೇ ಹುಳದ ಡಾಕ್ಟರಮ್ಮ ಸಾಲುಮನೆಗಳಿಗೆ ಬಂದದ್ದು. ಉದ್ದನೆಯ ಒಣಕಲು ಹೆಂಗಸು, ಕೈಯಲ್ಲಿ ಮರದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಮೈಕ್ರೋಸ್ಕೋಪು. ಶಾಲೆಯ ಬೆಂಚಿನ ಮೇಲೆ ಅದನ್ನಿಟ್ಟು ಮಕ್ಕಳ ಮೂತ್ರ ನೋಡುತ್ತಿದ್ದಳು. ಊರಿನವರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾಡಿದ್ದಕ್ಕ ನಗಲಿಲ್ಲ. ಅವಳು ನೇರವಾಗಿ ಹೋಗಿ ಕೇಳಿದಳು: "ನನ್ನ ಗಂಡ ಯಾತರಿಂದ ಸತ್ತ? ಸುತ್ತಿಬಳಸಿ ಹೇಳಬೇಡಿ."

ಡಾಕ್ಟರಮ್ಮ ಸುತ್ತಿಬಳಸಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಕಾಲುವೆಯಿಂದ ಹಿಡಿದು ತಂದ ಬಸವನಹುಳುಗಳನ್ನು ಗಾಜಿನ ಬಟ್ಟಲಿನ ನೀರಿಗೆ ಹಾಕಿ ಬಿಸಿಲಿಗಿಟ್ಟಳು. ಬಿಸಿಲು ಏರುತ್ತಿದ್ದಂತೆ ನೀರಿನಲ್ಲಿ ಧೂಳಿನಂಥದ್ದು ಕಾಣಿಸಿಕೊಂಡಿತು. ಕನ್ನಡಕದಂಥ ಮಸೂರ ಹಿಡಿದು ನೋಡಿದರೆ ಆ ಧೂಳಿಗೆ ಬಾಲವಿತ್ತು, ಬಾಲದ ತುದಿ ಕವಲಾಗಿತ್ತು. ಒಂದೊಂದು ಕಣವೂ ಬಾಲವನ್ನು ಬಡಿದುಕೊಂಡು ಮೇಲೇರುತ್ತಿತ್ತು, ಸುಮ್ಮನೆ ಕೆಳಗಿಳಿಯುತ್ತಿತ್ತು, ಮತ್ತೆ ಏರುತ್ತಿತ್ತು.

"ಇದು ಚಪ್ಪಟೆ ಹುಳುವಿನ ಮರಿ" ಎಂದಳು ಡಾಕ್ಟರಮ್ಮ. "ಬಸವನಹುಳುವಿನ ಹೊಟ್ಟೆಯಲ್ಲಿ ಬೆಳೆಯುತ್ತೆ, ಬಿಸಿಲಿಗೆ ಹೊರಗೆ ಬರುತ್ತೆ, ಮನುಷ್ಯರ ಚರ್ಮ ಹುಡುಕುತ್ತೆ. ಸಿಕ್ಕರೆ ಬಾಲ ಕಳಚಿ ಒಳಗೆ ನುಗ್ಗಿಬಿಡುತ್ತೆ. ರಕ್ತನಾಳದಲ್ಲಿ ದೊಡ್ಡದಾಗಿ ಮೊಟ್ಟೆ ಇಡುತ್ತೆ. ಆ ಮೊಟ್ಟೆಗೆ ಮುಳ್ಳಿದೆ, ಅದು ಮೂತ್ರಕೋಶವನ್ನ ಕೊಯ್ಯುತ್ತೆ. ಮೂತ್ರದ ಜೊತೆ ಮೊಟ್ಟೆ ಮತ್ತೆ ಕಾಲುವೆಗೆ. ಹೀಗೇ ಸುತ್ತುತ್ತಾ ಇರುತ್ತೆ."

"ಮತ್ತೆ ಚರ್ಮ ಸಿಗದೇ ಹೋದರೆ?"

"ಸಾಯುತ್ತೆ. ಈ ಮರಿ ಏನನ್ನೂ ತಿನ್ನಲ್ಲ ಅಕ್ಕ. ಹುಟ್ಟುವಾಗ ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ಬದುಕಬೇಕು. ಮೊದಲ ಕೆಲವು ಗಂಟೆ ಭಾರಿ ಚುರುಕು. ಆಮೇಲೆ ಬುತ್ತಿ ಕರಗುತ್ತೆ. ಬಾಲ ಆಡಿಸ್ತಾ ಇರುತ್ತೆ, ಚರ್ಮ ಕೊರೆಯೋ ಶಕ್ತಿ ಇರಲ್ಲ. ಎರಡು ರಾತ್ರಿ ಕಳೆಯೋ ಹೊತ್ತಿಗೆ ಅದೂ ಇಲ್ಲ."

ನಾಡಿದ್ದಕ್ಕ ಮಸೂರವನ್ನು ಮತ್ತೆ ಬಟ್ಟಲಿನ ಮೇಲೆ ಹಿಡಿದಳು. ಆಮೇಲೆ ಹೇಳಿದಳು: "ಇದಕ್ಕೆ ತಿನ್ನೋ ಬಾಯಿ ಕೊಡದೇ ಇದ್ದವನಿಗೆ ಕೈ ಮುಗೀಬೇಕು."

ಡಾಕ್ಟರಮ್ಮ ಆ ಮಾತಿಗೆ ಜೋರಾಗಿ ನಕ್ಕಳು. ಅಷ್ಟು ಹೊತ್ತಿಗಾಗಲೇ ತೊಟ್ಟಿಗಳ ನಕ್ಷೆ ಅವಳ ತಲೆಯಲ್ಲಿತ್ತು. ಮರಿಗಳನ್ನು ಕೊಲ್ಲುವ ಬ್ಲೀಚಿಂಗ್ ಪುಡಿಯನ್ನು ನೆಚ್ಚಿಕೊಳ್ಳುವಂತಿರಲಿಲ್ಲ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾಯುವುದಕ್ಕೆ ಯಾರ ಅಪ್ಪಣೆಯೂ ಬೇಡ. "ಈ ಸಾಲಿನಲ್ಲಿ ಯಾರಿಗೂ ಹೆದರದೆ ಇರೋರು ಯಾರು?" ಎಂದು ಅವಳು ವಿಚಾರಿಸಿದಾಗ ಎಲ್ಲರೂ ಒಂದೇ ಬಾಗಿಲಿನ ಕಡೆ ಬೆರಳು ತೋರಿಸಿದರು. ಸ್ನಾನದ ಮನೆಯ ಬೀಗದ ಕೈ ನಾಡಿದ್ದಕ್ಕನ ಸೊಂಟಕ್ಕೆ ಬಂತು.

ಅಂದಿನಿಂದ ಅವಳು ಡಾಕ್ಟರಮ್ಮನ ಋಣವನ್ನು ಮರೆತವಳಲ್ಲ. ಹಾಗೆಂದು ಹಾಡಿ ಹೊಗಳಿದವಳೂ ಅಲ್ಲ. ನೀರಿಗೆ ಎರಡು ರಾತ್ರಿ ಕೊಡುವುದೇ ಅವಳ ಕೃತಜ್ಞತೆಯ ರೀತಿ. ವರ್ಷಕ್ಕೊಮ್ಮೆ ಡಾಕ್ಟರಮ್ಮ ಶಾಲೆಯ ಬೆಂಚಿಗೆ ಬಂದು ಕೂರುವಳು. ಮೂತ್ರದಲ್ಲಿ ಮೊಟ್ಟೆ ಕಾಣಿಸಿದ ಮಕ್ಕಳಿಗೆ ಮಾತ್ರೆ ಕೊಡುವಳು. ಅಂಥ ಮಕ್ಕಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಾ ಬಂದರು. ಒಂದು ವರ್ಷ ಒಬ್ಬರೂ ಇರಲಿಲ್ಲ. ಆ ದಿನ ನಾಡಿದ್ದಕ್ಕ ಮಗಳ ಮನೆಯಲ್ಲಿ ಊಟ ಮಾಡುವಾಗ ಎರಡು ಸಲ ಅನ್ನ ಹಾಕಿಸಿಕೊಂಡಳು. ಮಗಳಿಗೆ ಅಷ್ಟರಿಂದಲೇ ಎಲ್ಲ ಗೊತ್ತಾಯಿತು.

ಮಗಳು ಗೂಡಿನಲ್ಲಿ ಹಸಿ ಇಟ್ಟಿಗೆ ಜೋಡಿಸುವವಳು. ಅವಳ ಮಗು, ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಮೂರು ವರ್ಷದ ಹುಡುಗಿ, ಹಗಲೆಲ್ಲ ಅಜ್ಜಿಯ ಜೊತೆಗೇ ಇರುತ್ತಿದ್ದಳು. ಸಂಜೆ ಗುಬ್ಬಿಯನ್ನು ಮೀಯಿಸುವುದು ಅಜ್ಜಿಯ ಕೆಲಸ. ಬೇರೆ ಯಾರ ಕೈಗೂ ಆ ಮಗು ತಲೆ ಕೊಡುತ್ತಿರಲಿಲ್ಲ.

ಹೀಗಿರುವಾಗ ನಾಡಿದ್ದಕ್ಕನ ಬಲಭುಜಕ್ಕೆ ನೋವು ಶುರುವಾಯಿತು. ಪಂಪಿನ ಕೈ ಮೇಲಕ್ಕೆ ಹೋದಾಗ ಭುಜದೊಳಗೆ ಯಾರೋ ಚಾಕು ತಿರುವಿದಂತೆ. ಯಾರಿಗೂ ಹೇಳಲಿಲ್ಲ. ತೊಟ್ಟಿ ಮುಕ್ಕಾಲು ತುಂಬಿದಾಗಲೇ ನಿಲ್ಲಿಸುವುದು ಅಭ್ಯಾಸವಾಯಿತು. ಪರಿಣಾಮವಾಗಿ ಸಂಜೆ ಕೊನೆಗೆ ಬಂದ ಗಂಡಸರಿಗೆ ನೀರು ಸಾಲದೆ ಹೋಯಿತು. ಮೈತುಂಬಾ ಕೆಂಪು ಧೂಳು ಮೆತ್ತಿಕೊಂಡು ನಿಂತವರು ಸುಮ್ಮನಿರುತ್ತಾರೆಯೇ? "ಏನಕ್ಕ, ಸ್ನಾನಾನೂ ನಾಡಿದ್ದಾ?" ಎಂದು ಒಬ್ಬ ಕೇಳಿದ. ಇನ್ನೊಬ್ಬ ಅದಕ್ಕಿಂತ ಕೆಟ್ಟದಾಗಿ ಕೇಳಿದ. ಒಗೆಯುವ ಕಲ್ಲಿನ ಹತ್ತಿರವಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ನಾಡಿದ್ದಕ್ಕ ತಲೆ ತಗ್ಗಿಸಿ ಮುಚ್ಚಳ ಹಾಕುತ್ತಿದ್ದದ್ದನ್ನು ಅವರು ಅದೇ ಮೊದಲು ಕಂಡದ್ದು.

ಅದರ ಮಾರನೆಯ ದಿನದಿಂದಲೇ ಒಂದು ವಿಶೇಷ ನಡೆಯಿತು. ನೀರು ಸಾಲತೊಡಗಿತು. ಮುಕ್ಕಾಲು ತುಂಬಿದ ತೊಟ್ಟಿ ಸಂಜೆಯ ಕೊನೆಯ ಗಂಡಸಿನವರೆಗೂ ಬರುತ್ತಿತ್ತು. ಹೆಂಗಸರು ತನ್ನ ಕಷ್ಟ ನೋಡಿ ಒಗೆತದಲ್ಲಿ ನೀರನ್ನು ಹಿಡಿತದಿಂದ ಬಳಸುತ್ತಿದ್ದಾರೆ ಎಂದು ನಾಡಿದ್ದಕ್ಕ ತಿಳಿದುಕೊಂಡಳು. ಹೊಟ್ಟೆಯೊಳಗೆ ತಣ್ಣಗಾಯಿತು. ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ. ಒಗೆಯುವ ಕಲ್ಲುಗಳಿಗೆ ಹತ್ತಿದ್ದ ಪಾಚಿಯನ್ನು ಒಂದು ದಿನ ತಾನೇ ಕೆರೆದು ತೆಗೆದಳು. ಹೆಂಗಸರಿಗೆ ಕಾಲು ಜಾರದಿರಲಿ ಎಂದು.

ಮುಂದಿನ ಸಲ ಡಾಕ್ಟರಮ್ಮ ಬಂದಾಗ ಹನ್ನೊಂದು ಮಕ್ಕಳ ಮೂತ್ರದಲ್ಲಿ ಮುಳ್ಳಿನ ಮೊಟ್ಟೆ ಸಿಕ್ಕಿತು.

ಡಾಕ್ಟರಮ್ಮ ಮತ್ತೊಮ್ಮೆ ನೋಡಿದಳು, ಮಗದೊಮ್ಮೆ ನೋಡಿದಳು. ಆಮೇಲೆ ಸ್ನಾನದ ಮನೆಗೆ ನಡೆದು ಬಂದಳು. ಜೊತೆಯಲ್ಲಿ ಪುರಸಭೆಯ ಆರೋಗ್ಯ ಇನ್ಸ್‌ಪೆಕ್ಟರು ಇದ್ದ.

"ಅಕ್ಕ, ಕೂತ್ಕೊಳ್ಳಿ" ಎಂದಳು ಡಾಕ್ಟರಮ್ಮ.

"ನಿಂತೇ ಕೇಳ್ತೀನಿ, ಹೇಳಿ."

"ಹನ್ನೊಂದು ಮಕ್ಕಳಿಗೆ ಬಂದಿದೆ. ಹತ್ತು ಮಕ್ಕಳು ಕಾಲುವೆಗೆ ಇಳಿದಿರಬಹುದು, ಮಕ್ಕಳಲ್ವಾ ಅನ್ನಬಹುದು. ಹನ್ನೊಂದನೇದು ಗುಬ್ಬಿ."

ಗುಬ್ಬಿ ಕಾಲುವೆಗೆ ಕಾಲಿಟ್ಟವಳೇ ಅಲ್ಲ. ಆ ಮಗುವಿನ ಮೈಗೆ ಬಿದ್ದ ನೀರೆಲ್ಲ ಈ ತೊಟ್ಟಿಗಳದ್ದು, ಸುರಿದ ಕೈ ತನ್ನದು.

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡ. "ನೋಡಮ್ಮ, ನೀರು ಎರಡು ರಾತ್ರಿ ಬಿಡ್ತಾ ಇಲ್ಲ ನೀವು. ವಯಸ್ಸಾಯ್ತು, ಕೈಲಾಗಲ್ಲ, ಒಪ್ಕೊಳ್ಳಿ. ಸೋಮವಾರ ಬೀಗ ಹಾಕ್ತೀವಿ."

"ಬೀಗ ಹಾಕಿದ್ರೆ ಇವರೆಲ್ಲ ಮೈ ತೊಳೆಯೋಕೆ ಎಲ್ಲಿಗೆ ಹೋಗ್ತಾರೆ? ನಿಮ್ಮ ಮನೆಗೆ ಬರ್ತಾರಾ?"

"ಎಲ್ಲಿಗಾದ್ರೂ ಹೋಗ್ಲಿ."

"ಎಲ್ಲಿಗಾದ್ರೂ ಅಲ್ಲ ಸ್ವಾಮಿ, ಕಾಲುವೆಗೆ. ಮತ್ತೆ ಮೊದಲಿನ ಹಾಗೆ." ಅವಳ ಧ್ವನಿ ಏರಲಿಲ್ಲ. "ನಾನು ಒಂದು ರಾತ್ರಿಯನ್ನೂ ತಪ್ಪಿಸಿಲ್ಲ. ಕಾಯಿಲೆ ಬಿದ್ದಾಗಲೂ ತಪ್ಪಿಸಿಲ್ಲ. ಡಾಕ್ಟರಮ್ಮ, ನೀವೇ ನೀರು ನೋಡಿ."

ಡಾಕ್ಟರಮ್ಮ ನೋಡಿದಳು. ಮಧ್ಯಾಹ್ನ ಕಳೆದು ಸ್ವಲ್ಪ ಹೊತ್ತಾಗಿತ್ತು. ಮೂರು ತೊಟ್ಟಿಗಳಿಂದಲೂ ಬಕೆಟ್ಟು ಬಕೆಟ್ಟು ನೀರೆತ್ತಿ, ಬಹಳ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಜರಡಿಯನ್ನು ಬೇರೆ ಬೇರೆ ಬಟ್ಟಲಲ್ಲಿ ತೊಳೆದಳು. ಆ ದಿನ ಬೆಳಿಗ್ಗೆ ತುಂಬಿದ ತೊಟ್ಟಿಯಲ್ಲಿ ಮರಿಗಳಿದ್ದವು, ಇರಲೇಬೇಕು. ನಿನ್ನೆಯ ತೊಟ್ಟಿಯಲ್ಲಿ ಕೆಲವು ಮಾತ್ರ ಇದ್ದವು, ಅವೂ ತಳದಲ್ಲಿ ಬಿದ್ದು ಆಗೊಮ್ಮೆ ಈಗೊಮ್ಮೆ ಬಾಲ ಸೆಳೆಯುತ್ತಿದ್ದವು. ಮೊನ್ನೆಯ ತೊಟ್ಟಿ, ಬಟ್ಟೆ ಬಿಚ್ಚಿದ್ದು, ಜನ ಬಳಸುತ್ತಿದ್ದದ್ದು. ಅದರ ಬಟ್ಟಲಿಗೆ ಕಣ್ಣಿಟ್ಟ ಡಾಕ್ಟರಮ್ಮ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಬನ್ನಿ ಅಕ್ಕ, ನೀವೇ ನೋಡಿ."

ಬಟ್ಟಲಿನಲ್ಲಿ ಮರಿಗಳು ಏರುತ್ತಿದ್ದವು, ಇಳಿಯುತ್ತಿದ್ದವು, ಮತ್ತೆ ಏರುತ್ತಿದ್ದವು. ವರ್ಷಗಳ ಹಿಂದೆ ಶಾಲೆಯ ಬೆಂಚಿನ ಮೇಲೆ ಕಂಡಷ್ಟೇ ಚುರುಕಾಗಿ.

"ಇವು ಮೊನ್ನೆಯ ಮರಿಗಳಲ್ಲ" ಎಂದಳು ಡಾಕ್ಟರಮ್ಮ. "ಮೊನ್ನೆಯವಾಗಿದ್ರೆ ನಿನ್ನೆಯವುಗಳಿಗಿಂತ ಸೋತಿರಬೇಕಿತ್ತು. ಇವುಗಳ ಬುತ್ತಿ ಇನ್ನೂ ಹೊಸದು. ಇವತ್ತೇ ಹುಟ್ಟಿದವು. ಇನ್ಸ್‌ಪೆಕ್ಟ್ರೇ, ಈಯಮ್ಮ ಸುಳ್ಳು ಹೇಳ್ತಾ ಇಲ್ಲ. ನೀರು ಎರಡು ರಾತ್ರಿ ಕಳೆದಿದೆ. ಕಳೆದ ಮೇಲೆ ಯಾರೋ ಅದಕ್ಕೆ ಕಾಲುವೆ ನೀರು ಸೇರಿಸಿದ್ದಾರೆ. ಮೊಟ್ಟೆ ಕಾಣಿಸ್ಕೊಳ್ಳೋಕೆ ಎರಡು ಮೂರು ತಿಂಗಳು ಬೇಕು. ಅಂದ್ರೆ ಇದು ಇವತ್ತು ನಿನ್ನೆ ಶುರುವಾದದ್ದಲ್ಲ."

"ಯಾರು?" ಎಂದ ಇನ್ಸ್‌ಪೆಕ್ಟರು. "ಹೆಸರು ಹೇಳಿ. ಅಂಥವರನ್ನ ಇಲ್ಲಿಗೆ ಕಾಲಿಡೋಕೆ ಬಿಡಲ್ಲ. ಸೋಮವಾರದೊಳಗೆ ಗೊತ್ತಾಗದಿದ್ರೆ ಬೀಗವೇ."

ಆ ಸಂಜೆ ಯಾರೂ ಸ್ನಾನ ಮಾಡಲಿಲ್ಲ. ತೊಟ್ಟಿ ಕೆಟ್ಟಿದೆ ಎಂದಷ್ಟೇ ಹೇಳಿ ನಾಡಿದ್ದಕ್ಕ ಅದರ ನೀರನ್ನು ಇಂಗುಗುಂಡಿಗೆ ಹರಿಸಿಬಿಟ್ಟಳು. ಮಕ್ಕಳ ವಿಷಯ ಉಳಿದ ಮನೆಗಳಿಗೆ ಇನ್ನೂ ತಿಳಿದಿರಲಿಲ್ಲ; ಅವರಿಗೆ ಮಾತ್ರೆ ಕೊಡುವುದು ಡಾಕ್ಟರಮ್ಮ ಮತ್ತೆ ಬಂದಾಗ ಎಂದಾಗಿತ್ತು. ಗುಬ್ಬಿ ಮಾತ್ರೆಯ ಕಹಿಗೆ ಮುಖ ಹಿಂಡಿಕೊಂಡು ಅಜ್ಜಿಯ ತೊಡೆಯ ಮೇಲೆ ಮಲಗಿದಳು. ಮಗಳು ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆದಳು. "ನಿನ್ನ ಕೈಮೇಲೆ ನನಗೆ ಅನುಮಾನ ಇಲ್ಲಮ್ಮ" ಎಂದು ಕೊನೆಗೆ ಹೇಳಿದಳು. "ಅನುಮಾನ ಪಡು. ಪಟ್ಟರೆ ತಪ್ಪೇನಿಲ್ಲ" ಎಂದಳು ತಾಯಿ.

ಮಾರನೆಯ ದಿನ ಮಧ್ಯಾಹ್ನ ಅವಳು ದಿನದಂತೆ ಬಾಗಿಲು ಎಳೆದುಕೊಂಡು ಊಟಕ್ಕೆ ಹೊರಟಳು. ಮನೆಯವರೆಗೆ ಹೋಗಲಿಲ್ಲ. ಇಟ್ಟಿಗೆಯ ಅಟ್ಟಿಯ ಹಿಂದೆ ಸ್ವಲ್ಪ ಹೊತ್ತು ನಿಂತು ವಾಪಸಾದಳು.

ಒಗೆಯುವ ಕಲ್ಲುಗಳ ಹತ್ತಿರ ಯಾರೂ ಇರಲಿಲ್ಲ. ಕಾಲುವೆಯ ಮೆಟ್ಟಿಲಿನಿಂದ ತೊಟ್ಟಿಯವರೆಗೆ ಹೆಂಗಸರು ಸಾಲಾಗಿ ನಿಂತಿದ್ದರು. ಬಕೆಟ್ಟು ಕೈಯಿಂದ ಕೈಗೆ ಸಾಗುತ್ತಿತ್ತು. ನೀರಿನಲ್ಲಿ ಇಳಿದು ಮೊಗೆಯುತ್ತಿದ್ದವಳು ಮೂರನೇ ಮನೆಯ ರೇಡಿಯೊ. ಹಗಲಿರುಳು ಬಾಯಿ ಮುಚ್ಚದ ಕಾರಣ ಅವಳಿಗೆ ಆ ಹೆಸರು. ಈಗ ಮಾತ್ರ ಅವಳೂ ಪಿಸುಮಾತಿನಲ್ಲೇ "ಬೇಗ, ಬೇಗ, ಅಕ್ಕ ಬಂದುಬಿಡ್ತಾರೆ" ಎನ್ನುತ್ತಿದ್ದಳು. ತೊಟ್ಟಿಯ ಬಾಯಿಗೆ ಒಬ್ಬಳು ಸೆರಗು ಹಾಸಿ ಹಿಡಿದಿದ್ದಳು, ಇನ್ನೊಬ್ಬಳು ಅದರ ಮೇಲೆ ಸುರಿಯುತ್ತಿದ್ದಳು.

"ಬಂದೆ" ಎಂದಳು ನಾಡಿದ್ದಕ್ಕ.

ಬಕೆಟ್ಟೊಂದು ಮೆಟ್ಟಿಲಿನ ಮೇಲೆ ಉರುಳಿ ಕಾಲುವೆಗೆ ಬಿತ್ತು.

ರೇಡಿಯೊ ನೀರಿನಿಂದಲೇ ಹೇಳಿದಳು: "ಬೈಬೇಡಿ ಅಕ್ಕ. ನಿಮ್ಮ ಭುಜ ನೋಡೋಕೆ ಆಗ್ಲಿಲ್ಲ. ಆ ಗಂಡಸ್ರು ನಿಮಗೆ ಅಂದ ಮಾತು ಕೇಳೋಕೂ ಆಗ್ಲಿಲ್ಲ. ನಿಮಗೆ ಹೇಳಿದ್ರೆ ನೀವು ಬಿಡಲ್ಲ ಅಂತ ಗೊತ್ತು. ಅದಕ್ಕೇ ನೀವು ಉಂಡು ಬರೋಷ್ಟರಲ್ಲಿ ನಾವೇ..."

"ಎಷ್ಟು ದಿನದಿಂದ?"

"ಆ ಗಂಡಸ್ರು ಅಂದ ಮಾರನೇ ದಿನದಿಂದ."

"ಸೋಸಿಯೇ ಹಾಕ್ತೀವಿ ಅಕ್ಕ" ಎಂದಳು ಸೆರಗು ಹಿಡಿದವಳು. "ಒಂದು ಬಸವನಹುಳೂ ಒಳಗೆ ಹೋಗಿಲ್ಲ. ಬೇಕಾದ್ರೆ ಕೈಹಾಕಿ ನೋಡಿ. ನೀವು ಕೊಳವೆಗೆ ಜಾಲರಿ ಹಾಕಿದ್ದೀರಲ್ಲ, ಹಾಗೇ ನಾವು ಬಟ್ಟೆ ಹಿಡಿದ್ವಿ."

ನಾಡಿದ್ದಕ್ಕ ತೊಟ್ಟಿಯ ಅಂಚಿಗೆ ಒರಗಿ ನಿಂತಳು. ನೀರು ಸಾಲತೊಡಗಿದ ದಿನಗಳೆಲ್ಲ ಅವಳ ಕಣ್ಣ ಮುಂದೆ ಹಾದುಹೋದವು. ತಾನು ಹೆಂಗಸರ ಹಿಡಿತಕ್ಕೆ ಮನಸ್ಸಿನಲ್ಲೇ ಸಂತೋಷಪಟ್ಟದ್ದು, ಪಾಚಿ ಕೆರೆದದ್ದು, ಅದೇ ಸಂಜೆಗಳಲ್ಲಿ ಗುಬ್ಬಿಯ ತಲೆಗೆ ಚೊಂಬು ಚೊಂಬು ನೀರು ಹೊಯ್ದದ್ದು. ಇವರು ಬಂದದ್ದೂ ನಡು ಮಧ್ಯಾಹ್ನಕ್ಕೆ. ಬಿಸಿಲಿಗೆ ಮರಿಗಳು ಹೊರಬೀಳುವ ಹೊತ್ತಿಗೇ ಸರಿಯಾಗಿ. ಕೋಪ ಬಂತು. ಆದರೆ ಯಾರ ಮೇಲೆ ಹಾಕುವುದು? ಬಸವನಹುಳು ಬೇಡ ಎಂದು ಇವರಿಗೆ ಗೊತ್ತಿತ್ತು. ಜಾಲರಿ ಕಣ್ಣಿಗೆ ಕಾಣುತ್ತಿತ್ತಲ್ಲ. ಎರಡು ರಾತ್ರಿ ಯಾಕೆ ಎಂಬುದು ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ತಾನು ಕಣ್ಣು ಬಿಟ್ಟಿದ್ದೆ, ಪೊರಕೆ ತೋರಿಸಿದ್ದೆ. ಡಾಕ್ಟರಮ್ಮ ತನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಟ್ಟಲು ತೋರಿಸಿದ್ದಳು. ತಾನು ಯಾರನ್ನು ಕೂರಿಸಿಕೊಂಡಿದ್ದೆ?

"ನೀರಿಂದ ಮೇಲೆ ಬಾರೇ ಮೊದಲು" ಎಂದಳು ರೇಡಿಯೊಗೆ. "ಕಾಲು ಒರೆಸ್ಕೋ. ಗಟ್ಟಿಯಾಗಿ ಒರೆಸ್ಕೋ. ಎಲ್ಲರೂ ಮನೆಗೆ ಹೋಗಿ. ನಾಳೆ ಡಾಕ್ಟರಮ್ಮ ಬಂದಾಗ ಎಲ್ಲರೂ ಇಲ್ಲಿರಬೇಕು. ತಪ್ಪಿಸಿಕೊಂಡವರ ಮನೆಗೆ ನಾನೇ ಬರ್ತೀನಿ."

"ಏನಾಯ್ತಕ್ಕ?"

"ಗುಬ್ಬಿಗೆ ಹುಳ ಬಂದಿದೆ. ಇನ್ನೂ ಹತ್ತು ಮಕ್ಕಳಿಗೆ ಬಂದಿದೆ. ಸೆರಗಿನಲ್ಲಿ ಸೋಸಿದ್ರೆ ಅದು ನಿಲ್ಲಲ್ಲ."

ಅವಳು ಮಕ್ಕಳ ಹೆಸರು ಹೇಳಿದಳು. ಹನ್ನೊಂದರಲ್ಲಿ ಇಬ್ಬರು ರೇಡಿಯೊಳ ಮಕ್ಕಳೇ. ರೇಡಿಯೊ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. ಅವಳ ಬಾಯಿಂದ ಒಂದು ಮಾತೂ ಬರದೆ ಇದ್ದ ಕಾಲ ಅದೊಂದೇ ಎಂದು ಸಾಲುಮನೆಯವರು ಈಗಲೂ ಹೇಳುತ್ತಾರೆ.

ಮಾರನೆಯ ದಿನ ಹೆಂಗಸರೆಲ್ಲ ಬಂದರು. ಕೆಲವರು ಅತ್ತು ಮುಖ ಊದಿಸಿಕೊಂಡಿದ್ದರು. ಇನ್ಸ್‌ಪೆಕ್ಟರು ಪೆನ್ನು ತೆಗೆದ. "ಯಾರ್ಯಾರು ಸುರಿದದ್ದು?"

"ಮೊದಲು ನನ್ನದು ಬರ್ಕೊಳ್ಳಿ" ಎಂದಳು ನಾಡಿದ್ದಕ್ಕ.

"ನೀವು ಸುರಿದಿಲ್ವಲ್ಲ!"

"ಸುರಿದದ್ದು ಇವರು. ಇವರು ಸುರಿಯೋ ಹಾಗೆ ಮಾಡಿದ್ದು ನಾನು. ನಾಡಿದ್ದು, ನಾಡಿದ್ದು ಅಂತ ಬಾಯಿ ನೋಯೋ ಹಾಗೆ ಹೇಳ್ದೆ. ಯಾಕೆ ಅಂತ ಒಬ್ಬರಿಗೂ ಹೇಳಲಿಲ್ಲ. ಭುಜ ನೋಯ್ತಾ ಇದೆ ಅಂತಲೂ ಹೇಳಲಿಲ್ಲ. ಎರಡರಲ್ಲಿ ಒಂದು ಹೇಳಿದ್ರೂ ಇದು ಆಗ್ತಾ ಇರಲಿಲ್ಲ. ಇವರು ನನ್ನ ಮೇಲಿನ ವಿಶ್ವಾಸಕ್ಕೆ ಬೆನ್ನು ಬಗ್ಗಿಸಿದ್ದು. ಅದನ್ನ ನೀವು ಹೇಗೆ ಬರ್ಕೊಳ್ತೀರೋ ಬರ್ಕೊಳ್ಳಿ."

ಇನ್ಸ್‌ಪೆಕ್ಟರು ಕೆಟ್ಟವನೇನಲ್ಲ. ನಿಯಮದ ಮನುಷ್ಯ. ವಿಶ್ವಾಸಕ್ಕೆ ಅವನ ಕಾಗದದಲ್ಲಿ ಜಾಗವಿರಲಿಲ್ಲ. ಅವನು ಡಾಕ್ಟರಮ್ಮನ ಮುಖ ನೋಡಿದ.

"ಕಾರಣ ಸಿಕ್ಕಿತಲ್ಲ" ಎಂದಳು ಅವಳು. "ನೀರನ್ನ ನಾನು ವಾರವಾರ ಬಂದು ಪರೀಕ್ಷೆ ಮಾಡ್ತೀನಿ. ಬಳಸೋ ತೊಟ್ಟಿಯಲ್ಲಿ ಒಂದೇ ಒಂದು ಮರಿ ಸಿಕ್ಕರೂ ನೀವು ಬೀಗ ಹಾಕಿ, ನಾನು ಅಡ್ಡ ಬರಲ್ಲ."

"ಮತ್ತೆ ನೀರು ಸಾಲದೆ ಬಂದ್ರೆ? ಮತ್ತೆ ಇವರಿಗೆ ವಿಶ್ವಾಸ ಉಕ್ಕಿದ್ರೆ?"

"ತೊಟ್ಟಿ ತುಂಬಿದ್ದರೆ ಸಾಲುತ್ತೆ ಸಾರ್" ಎಂದಳು ರೇಡಿಯೊ. ರಾತ್ರಿಯೆಲ್ಲ ಕಟ್ಟಿಟ್ಟಿದ್ದ ಮಾತು ಈಗ ಹೊರಬಿತ್ತು. "ಬೆಳಿಗ್ಗೆ ಹೊತ್ತು ಪಂಪು ನಾವು ಹೊಡೀತೀವಿ. ದಿನಕ್ಕೆ ಇಬ್ಬರು. ಅಕ್ಕ ಎದುರಿಗೇ ನಿಂತಿರಲಿ. ಎಲ್ಲಿ ಹಾಕು ಅಂತಾರೋ ಅಲ್ಲಿ, ಯಾವಾಗ ಅಂತಾರೋ ಆಗ. ಕಾಲುವೆಗೆ ಕಾಲಿಟ್ಟರೆ ಕೇಳಿ."

ಎಲ್ಲರೂ ನಾಡಿದ್ದಕ್ಕನ ಕಡೆ ತಿರುಗಿದರು. ತನ್ನ ಪಂಪಿನ ಕೈಯನ್ನು ಅವಳು ಇದುವರೆಗೆ ಮಗಳಿಗೂ ಮುಟ್ಟಲು ಕೊಟ್ಟವಳಲ್ಲ. ಈಗ ಬೇಡ ಎಂದರೆ ಸೋಮವಾರ ಬೀಗ; ಸಂಜೆ ಹೊತ್ತಿಗೆ ಎಲ್ಲರೂ ಕಾಲುವೆಯಲ್ಲಿ.

"ಹೂಂ" ಎಂದಳು. "ಆದರೆ ಮೊದಲು ಇವರೆಲ್ಲ ನೋಡಲಿ. ನನಗೆ ತೋರಿಸಿದ್ರಲ್ಲ ಡಾಕ್ಟರಮ್ಮ, ಹಾಗೇ ತೋರಿಸಿ. ನಾನು ಹೇಳಿದ್ರೆ ಬೈದ ಹಾಗಿರುತ್ತೆ."

ಡಾಕ್ಟರಮ್ಮ ಆಗಲೇ ತಯಾರಾಗಿದ್ದಳು. ಒಗೆಯುವ ಕಲ್ಲಿನ ಮೇಲೆ ಮೂರು ಬಟ್ಟಲಿಟ್ಟಳು: ಇವತ್ತಿನ ಮರಿಗಳು, ನಿನ್ನೆಯವು, ಮೊನ್ನೆಯವು. ಮೊದಲನೆಯದರಲ್ಲಿ ನೀರೇ ಕುದಿಯುವಂತಿತ್ತು. ನೋಡಿದವರು ಸೆರಗು ಎಳೆದುಕೊಂಡು ಹಿಂದೆ ಸರಿದರು. ಸೆರಗಿನ ಒಂದು ಚೂರನ್ನು ಬಟ್ಟಲಿನ ಮೇಲೆ ಹಿಡಿದು ಅದೇ ನೀರನ್ನು ಸೋಸಿ ತೋರಿಸಿದಳು. ಮರಿಗಳು ನೇಯ್ಗೆಯ ಸಂದಿನಿಂದ ಆರಾಮಾಗಿ ಇಳಿದು ಬಂದವು. ಸೆರಗು ಹಿಡಿದಿದ್ದವಳು ತಲೆಗೆ ಕೈಹೊತ್ತಳು. ಮೂರನೆಯ ಬಟ್ಟಲಿನ ತಳದಲ್ಲಿ ಅಲುಗದ ಕಣಗಳಿದ್ದವು, ಅಷ್ಟೇ.

"ಈ ಎರಡನೇದು ಇನ್ನೂ ಆಡ್ತಾ ಇದೆಯಲ್ಲ?" ಎಂದು ರೇಡಿಯೊ ಕೇಳಿದಳು.

"ಆಡುತ್ತೆ. ಆದ್ರೆ ಅದರಲ್ಲಿ ಬಹಳಷ್ಟಕ್ಕೆ ಚರ್ಮ ಕೊರೆಯೋ ತ್ರಾಣ ಉಳಿದಿಲ್ಲ. ಬಹಳಷ್ಟು ಅಂದೆ, ಎಲ್ಲ ಅಂತ ಹೇಳಲಿಲ್ಲ. ಅದಕ್ಕೇ ಇನ್ನೊಂದು ರಾತ್ರಿ."

ರೇಡಿಯೊ ಮಸೂರದಿಂದ ಕಣ್ಣು ತೆಗೆಯದೆ ಹೇಳಿದಳು: "ನಮ್ಮನೆಯವರ ಹಾಗೇ ಬಿಡಿ. ಬಾಲ ಆಡಿಸ್ತಾರೆ, ಕೆಲಸ ಏನೂ ಸಾಗಲ್ಲ."

ಅಳುತ್ತಿದ್ದವರೂ ನಕ್ಕರು. ಇನ್ಸ್‌ಪೆಕ್ಟರು ಕೆಮ್ಮಿ ಬೇರೆ ಕಡೆ ನೋಡಿದ. ನಾಡಿದ್ದಕ್ಕನ ತುಟಿಯೂ ಒಂದು ಕ್ಷಣ ಓರೆಯಾಯಿತು. ಅದನ್ನು ಕಂಡವರು ಆ ದಿನದ ದೊಡ್ಡ ಸುದ್ದಿ ಎಂಬಂತೆ ಮನೆಮನೆಗೆ ಹೇಳಿಕೊಂಡು ಬಂದರು. ಕಾಲುವೆಗೆ ಇಳಿದು ಮೊಗೆದ ಹೆಂಗಸರಿಗೂ, ಆ ನೀರಲ್ಲಿ ಮಿಂದ ದೊಡ್ಡವರಿಗೂ ಡಾಕ್ಟರಮ್ಮ ಮಾತ್ರೆ ಕೊಟ್ಟಳು.

ತೊಟ್ಟಿಗಳನ್ನು ಒಂದೊಂದಾಗಿ ಬರಿದು ಮಾಡಿ, ತಿಕ್ಕಿ, ಒಣಗಿಸಿದರು. ಆಮೇಲೆ ಹೊಸದಾಗಿ ತುಂಬುವ ಮೊದಲ ಬೆಳಿಗ್ಗೆ ರೇಡಿಯೊ ಮತ್ತು ಇನ್ನೊಬ್ಬಳು ಪಂಪಿಗೆ ಬಂದರು. ನಾಡಿದ್ದಕ್ಕನಿಗೆ ಒಂದು ಮಣೆ ಹಾಕಿದರು. ಅವಳು ಕೂತಳು, ಎದ್ದಳು, ಮತ್ತೆ ಕೂತಳು. "ಕೈಯನ್ನ ಮೊಣಕಾಲಿನವರೆಗೂ ಒತ್ತಬೇಕು, ಹಾಗೆ ಅರ್ಧಕ್ಕೆ ಬಿಟ್ಟರೆ ನೀರು ಬರಲ್ಲ" ಎಂದಳು. "ಭುಜದಿಂದ ಎಳೀಬೇಡ, ನನ್ನ ಹಾಗಾಗ್ತೀಯ, ಸೊಂಟದಿಂದ ಎಳಿ" ಎಂದಳು. ತೊಟ್ಟಿ ಅಂಚಿನವರೆಗೂ ತುಂಬಿದ್ದನ್ನು ಅವಳು ಎಷ್ಟೋ ತಿಂಗಳ ಮೇಲೆ ನೋಡಿದಳು.

ರೇಡಿಯೊ ಬೆವರು ಒರೆಸಿಕೊಂಡು ಪಕ್ಕದಲ್ಲಿ ಬಂದು ಕೂತಳು. "ನಮ್ಮ ಮೇಲೆ ಇನ್ನೂ ಕೋಪ ಇದೆಯಾ ಅಕ್ಕ?"

"ಇದೆ" ಎಂದಳು ನಾಡಿದ್ದಕ್ಕ. ಮುಚ್ಚಳಕ್ಕೆ ಕೆಂಪು ಬಟ್ಟೆ ಕಟ್ಟಿ ಬಂದು ಸೇರಿಸಿದಳು: "ನನ್ನ ಗಂಡ ಸತ್ತ ಮೇಲೆ ನನ್ನ ಮೈನೋವು ಯಾರಾದರೂ ಗಮನಿಸ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ನೀವು ಗಮನಿಸಿದ್ರಿ. ಅದು ಬೇರೆ ಲೆಕ್ಕ."

ಅವಳ ಬಾಯಿಂದ ಕೃತಜ್ಞತೆಯ ಮಾತು ಎಂದು ಯಾರಾದರೂ ಕೇಳಿದ್ದಿದ್ದರೆ ಅದೊಂದೇ. ರೇಡಿಯೊಗೆ ಅದನ್ನು ಊರಿಗೆಲ್ಲ ಹೇಳುವ ಆಸೆಯಿತ್ತು, ಏಕೋ ಹೇಳಲಿಲ್ಲ.

ಡಾಕ್ಟರಮ್ಮ ಹೇಳಿದಂತೆ ವಾರವಾರ ಬಂದಳು. ಬಳಸುವ ತೊಟ್ಟಿಯ ನೀರಿನಲ್ಲಿ ಜೀವವಿರುವ ಒಂದು ಮರಿಯೂ ಸಿಗಲಿಲ್ಲ. ಸೋಮವಾರಗಳು ಬಂದವು, ಹೋದವು, ಬೀಗ ಬೀಳಲಿಲ್ಲ. ಯಾಕೆ ನಾಡಿದ್ದು ಎಂದು ಹೊಸಬರು ಯಾರಾದರೂ ಕೇಳಿದರೆ ಪಂಪು ಹೊಡೆಯುವವರೇ ನಿಲ್ಲಿಸಿ ವಿವರಿಸುತ್ತಿದ್ದರು, ಒಬ್ಬಳು ಬಿಟ್ಟದ್ದನ್ನು ಇನ್ನೊಬ್ಬಳು ಸೇರಿಸುತ್ತಾ. ನಾಡಿದ್ದಕ್ಕ ಮಣೆಯ ಮೇಲೆ ಕೂತು ಕೇಳುತ್ತಿದ್ದಳು, ತಪ್ಪಿದಲ್ಲಿ ಮಾತ್ರ ತಿದ್ದುತ್ತಿದ್ದಳು.

ಮಾತ್ರೆ ತೆಗೆದುಕೊಂಡ ಮಕ್ಕಳನ್ನು ಮತ್ತೆ ಪರೀಕ್ಷಿಸುವ ದಿನ ಅವಳು ಗುಬ್ಬಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಶಾಲೆಗೆ ಹೋದಳು. ಬಲಭುಜಕ್ಕೆ ವಿಶ್ರಾಂತಿ ಸಿಕ್ಕಿದ್ದರಿಂದ ಅಷ್ಟು ಸಾಧ್ಯವಾಗಿತ್ತು. ಡಾಕ್ಟರಮ್ಮ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಬಹಳ ಹೊತ್ತು ಹುಡುಕಿದಳು. ಗಾಜಿನ ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸರಿಸಿದಳು, ಮತ್ತೆ ಹಿಂದಕ್ಕೆ ಸರಿಸಿದಳು.

"ಏನೂ ಇಲ್ಲ ಅಕ್ಕ" ಎಂದಳು. "ಹನ್ನೊಂದು ಮಕ್ಕಳಲ್ಲಿ ಯಾರಿಗೂ ಇಲ್ಲ."

ನಾಡಿದ್ದಕ್ಕ ಗುಬ್ಬಿಯನ್ನು ಕೆಳಗಿಳಿಸಿದಳು. ಬೆಂಚಿನ ಈಚೆ ಬಂದು ಡಾಕ್ಟರಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡಳು. ಹಿಡಿತ ಗಟ್ಟಿಯಾಗಿತ್ತು. ಹೊರಗಡೆ ರೇಡಿಯೊ ತನ್ನ ಇಬ್ಬರು ಮಕ್ಕಳನ್ನು ಹಿಡಿದುಕೊಂಡು ಬಾಗಿಲಿನಿಂದ ಇಣುಕುತ್ತಿದ್ದಳು.

"ಒಳಗೆ ಬಾರೇ" ಎಂದಳು ನಾಡಿದ್ದಕ್ಕ. "ನಾಡಿದ್ದಲ್ಲ, ಇವತ್ತೇ ಹೇಳ್ತಾ ಇದ್ದಾರೆ, ಕೇಳಿಸ್ಕೋ."